ಸಕ್ಕೂಬಾಯಿ ಇಲ್ಲದ ವಾರ

ಕಲಬುರಗಿಯ ಗಾಜಿಪುರ ಓಣಿಯ ಸಕ್ಕೂಬಾಯಿಗೆ ಬೇಸ್‌ಬಾಲ್ ಆಟ ಕೊನೆಯವರೆಗೂ ಪೂರ್ತಿ ಮನಸ್ಸಿಗೆ ಬರಲಿಲ್ಲ. ಚೆಂಡು ಹೊಡೆದವನು ಬ್ಯಾಟನ್ನು ಅಲ್ಲೇ ಒಗೆದು ಓಡುವುದು ಆಕೆಗೆ ಸರಿ ಕಾಣುತ್ತಿರಲಿಲ್ಲ. "ಕೈಯಾಗಿನ ಸಾಮಾನು ಹಂಗ ಒಗದು ಓಡತಾರೇನೋ? ಕ್ರಿಕೆಟ್‌ನಾಗ ನೋಡು, ಹಿಡ್ಕೊಂಡ ಓಡ್ತಾರ," ಎನ್ನುತ್ತಿದ್ದಳು. ಎಸೆಯುವವನು ನಾಲ್ಕು ಚೆಂಡು ಕೆಡಿಸಿದರೆ ಬ್ಯಾಟುಗಾರ ಹೊಡೆಯದೆಯೇ ಒಂದನೇ ಬೇಸಿಗೆ ನಡೆದು ಹೋಗಬಹುದು ಎಂಬ ನಿಯಮಕ್ಕೆ ಆಕೆ ಇಟ್ಟ ಹೆಸರು 'ಪುಕ್ಕಟ ಊಟ'. ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡುವುದಕ್ಕೆ ಕದಿಯುವುದು ಅನ್ನುತ್ತಾರೆ ಎಂದು ಮೊಮ್ಮಗ ಸುಮಂತ ಹೇಳಿದ ದಿನ ಮಾತ್ರ ಆಕೆ ನಗಲಿಲ್ಲ. "ಅದೊಂದು ನೀ ಮಾಡಬ್ಯಾಡ," ಎಂದು ತಾಕೀತು ಮಾಡಿದಳು. ಸುಮಂತ ಅದನ್ನು ಮಾಡಲೂ ಇಲ್ಲ. ಅವನ ಓಟ ಅಷ್ಟಕ್ಕಷ್ಟೇ ಇದ್ದದ್ದರಿಂದ ತಂಡಕ್ಕೆ ನಷ್ಟವಾಗಲಿಲ್ಲ.

ಆಕೆ ಈ ಆಟ ಕಲಿತದ್ದು ತನ್ನ ಹಿತ್ತಲಲ್ಲೇ. ಸುಮಂತ ನಲ್ಲಿಯ ಪಕ್ಕ ನಿಂತು ಎಸೆಯುತ್ತಿದ್ದ. ಗೋಡೆಯಾಚೆ ಮನೆಯ ಹುಸೇನ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಿದ್ದ. ಇಬ್ಬರೂ ಕಲಬುರಗಿಯ ಒಂದೇ ಕಾಲೇಜು, ಒಂದೇ ತಂಡ. ಸುಮಂತ ಪಿಚರ್, ಹುಸೇನ ಕ್ಯಾಚರ್, ತಂಡದ ನಾಯಕನೂ ಹೌದು. ಸುಮಂತನ ತಾಯಿ ಅವನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದಳು. ಬೆಳೆಸಿದವಳು ಅಜ್ಜಿ. ಹುಡುಗ ಎಡಚ ಎಂದು ಗೊತ್ತಾದಾಗ ಆಕೆ ಕೈಗೆ ಹೊಡೆದೂ ಬೈದೂ ಬಲಗೈಯಲ್ಲಿ ಉಣ್ಣಲು ಕಲಿಸಿದಳು. "ಉಣ್ಣಾಕ ಬಲಗೈ ತಗೊಂಡೆ, ಉಳಿದದ್ದಕ್ಕೆಲ್ಲ ಎಡಗೈ ಬಿಟ್ಟುಕೊಟ್ಟೆ," ಎಂದು ಆಮೇಲೆ ಹೇಳಿಕೊಳ್ಳುತ್ತಿದ್ದಳು. ಆ ಎಡಗೈಯಿಂದ ಬಂದ ಚೆಂಡು ಬ್ಯಾಟಿನ ಹತ್ತಿರ ಬಂದು ಒಳಕ್ಕೆ ತಿರುಗುತ್ತಿತ್ತು.

ಕಾಲೇಜಿನಲ್ಲಿ ಚೆಂಡುಗಳು ಕಡಿಮೆ. ಗಟ್ಟಿ ನೆಲಕ್ಕೆ ಬಡಿದು ಬಡಿದು ಹೊಲಿಗೆ ಬಿಚ್ಚುತ್ತಿತ್ತು. ಒಂದು ದಿನ ಸಕ್ಕೂಬಾಯಿ ಹಲ್ಲುಕಿರಿದ ಚೆಂಡೊಂದನ್ನು ತಿರುಗಿಸಿ ನೋಡಿ, ಕೌದಿ ಹೊಲಿಯುವ ದಬ್ಬಣ ತಂದು, ದಾರಕ್ಕೆ ಮೇಣ ತಿಕ್ಕಿ ಕೂತಳು. ಹೊಲಿಗೆಯ ಉಬ್ಬು ಒಂದೇ ಸಮ ಇರಬೇಕು, ಇಲ್ಲದಿದ್ದರೆ ಚೆಂಡು ಹೇಳಿದ ಕಡೆ ತಿರುಗುವುದಿಲ್ಲ ಎಂದು ಸುಮಂತ ಹೇಳಿದ ಮೇಲೆ ಮೊದಲ ಹೊಲಿಗೆಯನ್ನು ಪೂರ್ತಿ ಬಿಚ್ಚಿ ಮತ್ತೆ ಹಾಕಿದಳು. ಅಂದಿನಿಂದ ಆ ಕೆಲಸ ಆಕೆಯದೇ ಆಯಿತು. ಆದರೆ ಚೆಂಡು ತೊಗಲಿನದು, ಆಕೆ ಮಡಿಯ ಹೆಂಗಸು. ಬೆಳಿಗ್ಗೆ ಸ್ನಾನಕ್ಕೆ ಮೊದಲೇ ಹೊಲಿದುಬಿಡುತ್ತಿದ್ದಳು. ಹೊತ್ತು ತಪ್ಪಿ ಬಂದ ಚೆಂಡನ್ನು ಬೈಯುತ್ತಲೇ ಹೊಲಿದು, ಮತ್ತೆ ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಹೋಗುತ್ತಿದ್ದಳು, ಚಳಿಗಾಲದಲ್ಲೂ.

ಹುಸೇನನ ಚಹಾ ಲೋಟ ಆ ಮನೆಯಲ್ಲಿ ಬೇರೆ ಇತ್ತು, ಹಿತ್ತಲ ಗೂಡಿನಲ್ಲಿ. ಅದು ಅವನಿಗೆ ಗೊತ್ತಿತ್ತು. ಆಕೆ ಅದನ್ನು ಮುಚ್ಚಿಡಲೂ ಇಲ್ಲ. ಅದೇ ಲೋಟಕ್ಕೆ ಆಕೆ ಸುಮಂತನಿಗಿಂತ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದಳು. ಎರಡೂ ಆಕೆಯೇ. ಹುಸೇನ ಎರಡನ್ನೂ ಒಟ್ಟಿಗೇ ನುಂಗಿ ಬೆಳೆದ. ಅವನ ಸ್ವಂತ ಅಜ್ಜಿಯರಿಬ್ಬರೂ ಅವನು ಹುಟ್ಟುವ ಮೊದಲೇ ಹೋಗಿದ್ದರು. ಅಜ್ಜಿ ಎಂಬ ಮಾತಿಗೆ ಅವನಿಗೆ ಇದ್ದ ಮುಖ ಇದೊಂದೇ.

ಆ ವರ್ಷದ ಅಂತರ ಕಾಲೇಜು ಪಂದ್ಯಗಳು ಕಮಲಾಪುರದ ಒಂದು ಕಾಲೇಜಿನ ಮೈದಾನದಲ್ಲಿ ನಡೆದವು. ಸೋಮವಾರದಿಂದ ಲೀಗ್, ಶನಿವಾರ ಫೈನಲ್. ಮುಗಿದ ಕೂಡಲೇ ಅಲ್ಲೇ ವಿಶ್ವವಿದ್ಯಾಲಯದ ತಂಡವನ್ನು ಆರಿಸುತ್ತಾರೆ. ಹಿಂದಿನ ವರ್ಷ ಸುಮಂತ ಟೈಫಾಯಿಡ್ ಬಂದು ಮಲಗಿದ್ದ. ಈಗ ಕೊನೆಯ ವರ್ಷ. ಈ ವಾರ ತಪ್ಪಿದರೆ ಮುಗಿಯಿತು. ಕಲಬುರಗಿಯಿಂದ ಕಮಲಾಪುರ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೂ ದೈಹಿಕ ಶಿಕ್ಷಣದ ಅಲ್ಲಾಬಕ್ಷ ಸರ್ ಯಾರನ್ನೂ ಮನೆಗೆ ಬಿಡಲಿಲ್ಲ. "ಮನಿಗೆ ಹೋದವರು ಮದಿವಿಗೆ ಹೋಗ್ತಾರ, ಮದಿವಿಗೆ ಹೋದವರು ಹೊಟ್ಟಿ ಕೆಡಿಸ್ಕೊಂಡ ಬರ್ತಾರ. ಎಲ್ಲಾರೂ ಇಲ್ಲೇ ಇರ್ರಿ," ಎಂದು ತರಗತಿಯೊಂದರಲ್ಲಿ ಜಮಖಾನ ಹಾಸಿಸಿದರು. ಹುಡುಗರ ಮೊಬೈಲುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಬೀಗ ಹಾಕಿದರು. ಸಂಘಟಕರು ಮಾತಾಡಲು ಬೇಕೆಂದು ನಾಯಕನ ಮೊಬೈಲೊಂದನ್ನು ಬಿಟ್ಟರು.

ಸೋಮವಾರ ಯಾದಗಿರಿಯ ತಂಡದ ಮೇಲೆ ಸುಮಂತ ಎಸೆದ. ಮೊದಲ ಇನ್ನಿಂಗ್ಸಿನಲ್ಲಿ ಅವನ ಕೈ ಗಡಸಾಗಿತ್ತು. ಹುಸೇನ ಎದ್ದು ಹೋಗಿ ಏನೋ ಚಾಷ್ಟಿ ಮಾಡಿ ನಗಿಸಿ ಬಂದ. ಆಮೇಲೆ ಚೆಂಡು ಮಾತು ಕೇಳತೊಡಗಿತು. ಹುಸೇನ ಮೊಣಕಾಲ ನಡುವೆ ಒಂದು ಬೆರಳು ತೋರಿಸಿದರೆ ವೇಗ, ಎರಡು ತೋರಿಸಿದರೆ ತಿರುವು. ಯಾದಗಿರಿಯವರ ಬ್ಯಾಟು ಗಾಳಿ ಹೊಡೆದದ್ದೇ ಹೆಚ್ಚು. ಸಂಜೆ ಸುಮಂತ ಹುಸೇನನ ಮೊಬೈಲಿನಿಂದ ಮನೆಗೆ ಫೋನು ಮಾಡಿ ಸ್ಪೀಕರ್ ಹಾಕಿದ.

"ಎಷ್ಟು ಮಂದಿಗೆ ಪುಕ್ಕಟ ಊಟಾ ಹಾಕಿದಿ?" ಅಜ್ಜಿ ಕೇಳಿದಳು.

"ಒಬ್ಬರಿಗೂ ಇಲ್ಲ."

"ಒಬ್ಬರಿಗಾರ ಹಾಕಬೇಕಿತ್ತೋ. ಪಾಪ, ದೂರದಿಂದ ಬಂದಾರ. ಹುಸೇನಗ ಏನೂ ಬಡದಿಲ್ಲಲ್ಲ?"

"ಇಲ್ಲ ಅಜ್ಜಿ," ಹುಸೇನ ಪಕ್ಕದಿಂದ ಕೂಗಿದ.

ಮಂಗಳವಾರ ಬೆಳಿಗ್ಗೆ ಎಲ್ಲರೂ ನೀರಿನ ಟಾಕಿಯ ಹತ್ತಿರ ಹಲ್ಲುಜ್ಜುತ್ತಿದ್ದಾಗ ಹುಸೇನನ ಮೊಬೈಲು ಬಡಿಯಿತು. ಸುಮಂತನ ಅಪ್ಪ ಪಾಂಡುರಂಗ. ಹುಸೇನ ಅವರನ್ನು ಕಾಕಾ ಎನ್ನುತ್ತಿದ್ದ.

"ಹುಸೇನಾ, ಬಾಜೂಕ ಯಾರಿದ್ದಾರ? ಸ್ವಲ್ಪ ಆ ಕಡಿ ಹೋಗು," ಎಂದರು. ಹುಸೇನ ನಾಲ್ಕು ಹೆಜ್ಜೆ ಸರಿದ. "ಅವ್ವ ಹೋದ್ಲಪ್ಪ. ನಸುಕಿನ್ಯಾಗ ಎದ್ದು ನೀರು ಕೇಳಿದ್ಲು, ನಾ ತರೂದ್ರಾಗ ಹೋಗಿಬಿಟ್ಲು."

ಸಾವಿನ ಸುದ್ದಿ ಕಿವಿಗೆ ಬಿದ್ದಾಗ ಹುಸೇನನ ಮನೆಯಲ್ಲಿ ಎಲ್ಲರ ಬಾಯಿಂದ ತಾನಾಗಿ ಬರುವ ಪ್ರಾರ್ಥನೆಯ ಮಾತೊಂದಿದೆ. ಅವನ ಬಾಯಿಂದಲೂ ಅದು ಬಂದುಹೋಯಿತು, ಸಣ್ಣಗೆ.

"ಸುಮಂತಗ ಹೇಳಬ್ಯಾಡ," ಪಾಂಡುರಂಗ ಮುಂದುವರಿಸಿದರು. "ಕಿವಿಗೆ ಬಿದ್ದ ಘಳಿಗಿಂದ ಅವಗ ಸೂತಕ. ಹತ್ತು ದಿನದ ತನಕ ಆಡಾಂಗಿಲ್ಲ, ಯಾರನ್ನೂ ಮುಟ್ಟಾಂಗಿಲ್ಲ. ತಿಳೀದಿದ್ರ ದೋಷ ಇಲ್ಲ. ಆಚಾರ್ಯರನ್ನ ಕೇಳೇನಿ. ಶನಿವಾರ ಮುಗೀಲಿ, ನಾನೇ ಬಂದು ಹೇಳ್ತೀನಿ. ಹೋದ ವರ್ಷ ಹುಡುಗ ಹ್ಯಾಂಗ ಗ್ವಾಡಿಗೆ ಮುಖಾ ಮಾಡಿ ಮಲಗಿದ್ದ, ನೀ ನೋಡಿದ್ದಿ."

"ಮುಖಾ ನೋಡೂದು ಬ್ಯಾಡೇನ್ರಿ ಕಾಕಾ?"

"ನಂದು ಒಂದು ಮಾತು ನಡಸಪ್ಪ," ಎಂದು ಪಾಂಡುರಂಗ ಫೋನಿಟ್ಟರು.

ಹುಸೇನ ತಿರುಗಿದಾಗ ಸುಮಂತ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅವನನ್ನು ನೋಡುತ್ತಿದ್ದ. ಗೋಡೆಯಾಚೆ ಬೆಳೆದವನು, ಆ ಪ್ರಾರ್ಥನೆಯ ಮಾತು ಯಾವಾಗ ಹೊರಡುತ್ತದೆ ಎಂಬುದು ಅವನಿಗೂ ಗೊತ್ತು.

"ಯಾರೋ?"

"ಖಾಲಾ," ಎಂದ ಹುಸೇನ. ಸುಳ್ಳು ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂತು. "ತಾಜಸುಲ್ತಾನಪುರದಾಗ ಇರ್ತಿದ್ಲು. ಮಸ್ತಾನಬಿ ಖಾಲಾ. ಅಮ್ಮಿಗೆ ದೂರದಿಂದ ಅಕ್ಕ ಆಗಬೇಕು."

ಅಂಥ ಖಾಲಾ ಯಾರೂ ಇರಲಿಲ್ಲ.

ಸುಮಂತ ಬಾಯಿ ತೊಳೆದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಹೋಗಿ ಬಾ. ಈಗ ಬಸ್ ಅದ. ಸರ್‌ಗೆ ನಾ ಹೇಳ್ತೀನಿ."

"ಬ್ಯಾಡ. ಆಟ ಅದಲ್ಲ."

"ಹುಚ್ಚನೇನು? ಆಟ ನಾಳಿ ಆಡಬೌದು. ಸತ್ತವರ ಮುಖಾ ನಾಳಿ ನೋಡಾಕ ಬರ್ತದೇನು? ನಾನಾಗಿದ್ರ ಇಷ್ಟೊತ್ತಿಗೆ ಬಸ್‌ಸ್ಟ್ಯಾಂಡ್‌ನಾಗ ಇರ್ತಿದ್ದೆ."

ಹುಸೇನ ಮೈದಾನದ ಹಿಂದೆ ಹೋಗಿ ಹೇಳಿಬಿಡಲೇ ಎಂದು ಕೇಳಲು ಪಾಂಡುರಂಗರಿಗೆ ತಾನೇ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಯಾರೋ ಎತ್ತಿ, ಅವರು ಸ್ನಾನಕ್ಕೆ ಹೋಗಿದ್ದಾರೆ, ಮಧ್ಯಾಹ್ನದೊಳಗೆ ಮಸಣಕ್ಕೆ ಒಯ್ಯುತ್ತೇವೆ ಎಂದರು. ಹೇಳಿಬಿಡಲು ಸಮಯವಿತ್ತು. ಹತ್ತು ಗಂಟೆಯ ಬಸ್ಸಿಗೆ ಕೂತರೂ ಮುಖ ನೋಡಲು ಸಿಗುತ್ತಿತ್ತು. ಒಂಬತ್ತೂವರೆಗೆ ಅವರ ಪಂದ್ಯ ಶುರುವಾಯಿತು. ಅಂದು ತಂಡದ ಇನ್ನೊಬ್ಬ ಪಿಚರ್ ಝಹೀರ್ ಎಸೆದ. ಸುಮಂತ ದೂರದಲ್ಲಿ, ಎಡಗಡೆಯ ಹೊರಮೈದಾನದಲ್ಲಿ ನಿಂತಿದ್ದ. ಪ್ರತಿ ಇನ್ನಿಂಗ್ಸ್ ಮುಗಿದಾಗ ಹುಸೇನ ಮುಖದ ಜಾಲರಿ ತೆಗೆದು ಅವನು ಓಡಿ ಬರುವುದನ್ನು ನೋಡುತ್ತಿದ್ದ, ಈಗ ಹೇಳುತ್ತೇನೆ ಅಂದುಕೊಳ್ಳುತ್ತಿದ್ದ. ಬಂದವನು ನೀರು ಕುಡಿದು, "ಇನ್ನೂ ಹೊತ್ತದ, ಹೋಗು," ಎನ್ನುತ್ತಿದ್ದ. ಹಿರಿಯರೊಬ್ಬರು ಅಳುವ ದನಿಯಲ್ಲಿ ಕೇಳಿಕೊಂಡ ಮಾತು ಹುಸೇನನನ್ನು ತಡೆಯುತ್ತಿತ್ತು. ಪಂದ್ಯ ಗೆದ್ದರು. ಹೊತ್ತು ನೆತ್ತಿಗೆ ಬಂದಿತ್ತು.

ಮಧ್ಯಾಹ್ನ ಹುಸೇನನ ತಾಯಿ ಮುನೀರಾ ಫೋನು ಮಾಡಿದಳು. ಆಕೆ ಹೋಗಿ ನೋಡಿ ಬಂದಿದ್ದಳು. "ಸೋಯೇ ಸರೀಕೀಚ್ ದಿಖ್ ರಹೀ ಥೀ, ಬೇಟಾ," ಎಂದಳು. ಮಲಗಿದ ಹಾಗೇ ಕಾಣುತ್ತಿದ್ದಳಂತೆ. ಹುಸೇನ ಶೌಚಾಲಯದ ಗೋಡೆಯ ಹಿಂದೆ ಕೂತು ಅತ್ತ. ಸುಮಂತ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತ.

ಬುಧವಾರ ಬೆಳಿಗ್ಗೆ ತಂಡ ಮೈದಾನಕ್ಕೆ ಹೊರಟಾಗ ಎಲ್ಲರ ತೋಳಿಗೂ ಕಪ್ಪು ಪಟ್ಟಿ ಇತ್ತು. ಸುಮಂತ ಹರಿದ ಕೊಡೆಯೊಂದನ್ನು ಎಲ್ಲಿಂದಲೋ ತಂದು, ಬಟ್ಟೆ ಕತ್ತರಿಸಿ, ಒಬ್ಬೊಬ್ಬರಿಗೂ ತಾನೇ ಕಟ್ಟಿದ್ದ. "ಕ್ಯಾಪ್ಟನ್‌ನ ಖಾಲಾ ಹೋಗ್ಯಾಳ. ಆಟ ಬಿಟ್ಟು ಹೋಗಲಿಲ್ಲ ಅಂವ. ನಮ್ಮದಿಷ್ಟಾರ ಇರಲಿ," ಎಂದ. ಅಲ್ಲಾಬಕ್ಷ ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ನಿಮಿಷ ಮೌನ ಹಿಡಿಸಿದರು. ಸುಮಂತ ತಲೆ ತಗ್ಗಿಸಿ ನಿಂತದ್ದನ್ನು ಹುಸೇನ ನೋಡಲಾರದೆ ನೋಡಿದ. ತನ್ನ ಅಜ್ಜಿಗೆ ತಾನೇ ಕಪ್ಪು ಕಟ್ಟಿಕೊಂಡು, ಯಾರಿಗೆಂದು ಗೊತ್ತಿಲ್ಲದೆ ನಿಂತಿದ್ದ ಅವನು.

ಆ ದಿನ ಬೀದರಿನ ತಂಡ. ಅದರಲ್ಲಿ ಗುಫ್ರಾನ್ ಇದ್ದ. ಆ ವಾರ ಅವನು ಹೊಡೆದ ಚೆಂಡುಗಳು ಮೈದಾನದಂಚಿನ ಬೇವಿನ ಮರಗಳನ್ನು ದಾಟಿ ತೊಗರಿ ಹೊಲದಲ್ಲಿ ಬಿದ್ದಿದ್ದವು. ಹುಡುಕಲು ಹೋದವರು ಎಳೆ ತೊಗರಿಕಾಯಿ ತಿನ್ನುತ್ತ ನಿಧಾನಕ್ಕೆ ಬರುತ್ತಿದ್ದರು. ಬ್ಯಾಟು ಹಿಡಿದು ನಿಂತ ಗುಫ್ರಾನ್ ಸುಮಂತನನ್ನೇ ನೋಡುತ್ತ, ಹಿಂದಕ್ಕೆ ತಿರುಗದೆಯೇ ಕೇಳಿದ, "ಹುಸೇನ್ ಭಾಯಿ, ನಿಮ್ಮ ಆಚಾರ್ಯ ಚೆಂಡಿಗೆ ಏನು ಮಂತ್ರಾ ಹಾಕ್ತಾನ?"

"ನಿನ್ನ ಹೆಸರು ಹೇಳ್ತಾನ, ಸಾಕು."

"ಹೇಳಲಿ, ಹೇಳಲಿ. ಕೇಳಿದ ಚೆಂಡು ಬೀದರ್ ತನಕ ಹೋಗ್ತದ."

ಹುಸೇನ ಎರಡು ಬೆರಳು ತೋರಿಸಿದ. ಚೆಂಡು ಗುಫ್ರಾನನ ಎದೆಯ ಮಟ್ಟಕ್ಕೆ ಬಂದು ಮೊಣಕಾಲಿಗೆ ಇಳಿಯಿತು. ಮತ್ತೆ ಎರಡು. ಮತ್ತೆ ಅದೇ. ಮೂರನೆಯದಕ್ಕೆ ಗುಫ್ರಾನ್ ಒಂದು ಸುತ್ತು ತಿರುಗಿ ಕೂತುಬಿಟ್ಟ. ಮೂರು ಸಲ ತಪ್ಪಿದರೆ ಔಟು. ಎದ್ದು ಧೂಳು ಕೊಡವಿ, ಸುಮಂತನತ್ತ ಸಲಾಮು ಮಾಡಿ ಹೋದ. ಶಾಮಿಯಾನದ ಕೆಳಗೆ ಕೂತಿದ್ದ ಆಯ್ಕೆಗಾರರಲ್ಲಿ ಒಬ್ಬರು ಎದ್ದು ನಿಂತು ನೋಡುತ್ತಿದ್ದರು. ಸುಮಂತ ಅಷ್ಟು ಚೆನ್ನಾಗಿ ಎಸೆದದ್ದನ್ನು ಹುಸೇನ ಹಿಂದೆಂದೂ ಹಿಡಿದಿರಲಿಲ್ಲ. ಒಂದೊಂದು ಚೆಂಡೂ ಅವನ ಕೈಗವಸಿಗೆ ಬಡಿದಾಗ, ಇದನ್ನು ಕೇಳಬೇಕಾದವಳು ಇಲ್ಲ ಎಂದು ಅನ್ನಿಸುತ್ತಿತ್ತು.

ಸಂಜೆ ಸುಮಂತ ಮನೆಗೆ ಫೋನು ಮಾಡಿದರೆ ಪಾಂಡುರಂಗ ಅಜ್ಜಿಗೆ ಕೆಮ್ಮು, ಮಾತಾಡಲು ಆಗುತ್ತಿಲ್ಲ ಎಂದರು. "ಕಷಾಯ ಕುಡಿ ಅಂತ ಹೇಳ್ರಿ. ಮಂದಿಗೆಲ್ಲ ಹೇಳ್ತಾಳ, ತಾ ಕುಡಿಯಂಗಿಲ್ಲ," ಎಂದು ಸುಮಂತ ಫೋನಿಟ್ಟ. ಆಮೇಲೆ ವರಾಂಡದಲ್ಲಿ ಹುಸೇನನ ಪಕ್ಕ ಕೂತು, "ಹ್ಯಾಂಗಿದ್ಲು ನಿಮ್ಮ ಖಾಲಾ?" ಎಂದು ಕೇಳಿದ. ಸತ್ತವರ ಬಗ್ಗೆ ಮಾತಾಡಿಸಿದರೆ ಎದೆ ಹಗುರಾಗುತ್ತದೆ ಎಂದು ಅವನಿಗೆ ಕಲಿಸಿದವಳೂ ಅಜ್ಜಿಯೇ ಇರಬೇಕು.

ಹುಸೇನ ಮೊದಲು ಒಂದೆರಡು ಮಾತಿನಲ್ಲಿ ಮುಗಿಸಿದ. ಆದರೆ ಮರುದಿನ ಸಂಜೆಯೂ ಸುಮಂತ ಕೇಳಿದ. ಆಗ ಹುಸೇನನಿಗೆ ತಡೆಯಲಾಗಲಿಲ್ಲ. ಸಕ್ಕೂಬಾಯಿಯನ್ನೇ ಮಸ್ತಾನಬಿ ಮಾಡಿ ಹೇಳತೊಡಗಿದ. ಏಕಾದಶಿಯ ಉಪವಾಸವನ್ನು ರೋಜಾ ಮಾಡಿದ, ಹೋಳಿಗೆಯನ್ನು ಶೀರ್‌ಖುರ್ಮಾ ಮಾಡಿದ. ಪಂಢರಪುರದ ಯಾತ್ರೆಯಲ್ಲಿ ಅಜ್ಜಿ ಚಪ್ಪಲಿ ಕಳೆದುಕೊಂಡು ಬೇರೆಯವರ ಚಪ್ಪಲಿ ಹಾಕಿಕೊಳ್ಳಲಾರೆ ಎಂದು ಬರಿಗಾಲಲ್ಲೇ ಬಂದದ್ದನ್ನು ಬಂದೇನವಾಜರ ದರ್ಗಾದ ಉರುಸಿಗೆ ತಂದು ಇಟ್ಟ. ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತ, ತನಗೆ ಸೇರದ ಆಟಗಾರ ಬ್ಯಾಟಿಗೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದದ್ದನ್ನು, ಗಂಡನ ಸಂಬಳದ ದಿನ ಶಹಾಬಜಾರಕ್ಕೆ ಹೋಗಿ ಏನೂ ಕೊಳ್ಳದೆ ಅಂಗಡಿಯಲ್ಲಿ ಬರೇ ಸೀರೆ ಬಿಚ್ಚಿಸಿ ನೋಡಿ ಬರುತ್ತಿದ್ದದ್ದನ್ನು, ಯಾರ ಮನೆಯ ಕೂಸು ಅತ್ತರೂ ಗೋಡೆಯ ಮೇಲಿಂದ "ಹೊಟ್ಟಿ ನೋಡ್ರಿ, ಹೊಟ್ಟಿ" ಎಂದು ಕೂಗುತ್ತಿದ್ದದ್ದನ್ನು ಇದ್ದ ಹಾಗೇ ಹೇಳಿದ.

"ನಮ್ಮ ಅಜ್ಜೀನೂ ಹಂಗೇ," ಎಂದು ಸುಮಂತ ನಕ್ಕ. "ಇಬ್ಬರನೂ ಒಮ್ಮೆ ಭೇಟಿ ಮಾಡಿಸಬೇಕಿತ್ತು ನೋಡು. ಜಗಳಾ ಆಡ್ತಿದ್ರು."

ಹುಸೇನನಿಗೂ ನಗು ಬಂತು, ನಗುತ್ತಲೇ ಅಳು ಬಂತು. ಸುಮಂತ ಅವನ ಬೆನ್ನು ಸವರಿದ. ಗಾಜಿಪುರದಲ್ಲಿ ಆಕೆಗಾಗಿ ಅತ್ತವರೆಲ್ಲ ಆಕೆಯ ಹೆಸರು ಹಿಡಿದು ಅತ್ತಿದ್ದರು. ಹುಸೇನನಿಗೆ ಸಿಕ್ಕದ್ದು ಇಷ್ಟೇ, ಬೇರೆ ಹೆಸರಿನಲ್ಲಿ. ಅವನು ಆ ಸಂಜೆಗಳಿಗಾಗಿ ಕಾಯತೊಡಗಿದ.

ಶುಕ್ರವಾರ ರಾಯಚೂರಿನವರನ್ನು ಸೋಲಿಸಿದರು. ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಅವರ ಶಾರ್ಟ್‌ಸ್ಟಾಪ್ ಹುಡುಗ ಗಾಳಿಯಲ್ಲಿ ಅಡ್ಡ ಮಲಗಿ ಚೆಂಡು ಹಿಡಿದದ್ದನ್ನು ಎರಡೂ ತಂಡದವರು ಎದ್ದು ನಿಂತು ಮೆಚ್ಚಿದರು. ಆದರೂ ಸುಮಂತನ ಮುಂದೆ ಅವರ ಬ್ಯಾಟು ನಡೆಯಲಿಲ್ಲ. ಮರುದಿನ ಫೈನಲ್, ಮತ್ತೆ ಬೀದರ್. ಸಂಜೆ ಊರಿನ ಯಾರೋ ಹಿರಿಯರು ಆಟಗಾರರಿಗೆಂದು ಕೆಂಪು ಬಾಳೆಯ ಗೊನೆ ಕಳಿಸಿದ್ದರು. ಇಬ್ಬರೂ ವರಾಂಡದಲ್ಲಿ ಹಣ್ಣು ತಿನ್ನುತ್ತ ಕೂತರು. ಸುಮಂತ ಕಿತ್ತುಹೋದ ಬೂಟಿನ ಅಟ್ಟೆ ನೋಡಿಕೊಳ್ಳುತ್ತಿದ್ದ.

"ಖಾಲಾ ಇದ್ದಿದ್ರ ಹೊಲದು ಕೊಡ್ತಿದ್ಲು," ಎಂದ ಹುಸೇನ. "ಚಪ್ಪಲಿ, ಬೂಟು, ಚೀಲಾ, ಏನ ಹರೀಲಿ, ದಬ್ಬಣಾ ತಗೊಂಡ ಕೂಡಾಕಿ. ಬೈದು ಬೈದು ಹೊಲಿಯಾಕಿ. ಮುಗದ ಮ್ಯಾಲ ಮತ್ತ ತಲಿಮ್ಯಾಲ ನೀರು ಹಾಕ್ಕೊಂಡ ಒಳಗ ಹೋಗಾಕಿ."

"ಯಾಕ?"

"ತೊಗಲು ಮುಟ್ಟಿದ್ಲಲ್ಲ, ಮೈಲಿಗಿ."

ಸುಮಂತನ ಕೈ ಬೂಟಿನ ಮೇಲೆ ನಿಂತಿತು. ತರಗತಿಯೊಳಗೆ ಝಹೀರ್ ಯಾರಿಗೋ ನಕಲು ಮಾಡಿ ತೋರಿಸುತ್ತಿದ್ದ, ಎಲ್ಲರೂ ನಗುತ್ತಿದ್ದರು.

"ಖಾಲಾಗ ಯಾವ ಮೈಲಿಗಿ ಹುಸೇನ?"

ಹುಸೇನ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟ. ಸುಮಂತ ತನ್ನ ತೋಳಿನ ಕಪ್ಪು ಪಟ್ಟಿಯನ್ನು ನೋಡಿಕೊಂಡ.

"ಯಾವಾಗ?"

"ಮಂಗಳವಾರ. ನಸುಕಿನ್ಯಾಗ."

"ಟಾಕಿ ಹತ್ರ ಬಂದ ಫೋನು."

"ಹ್ಞೂಂ."

"ನಾ ನಿನಗ ಹೋಗು ಹೋಗು ಅಂದೆ."

"ಕಾಕಾ ಹೇಳಬ್ಯಾಡ ಅಂದ್ರೋ. ನಿನಗ ಸೂತಕ ಬರ್ತದ, ಆಡಾಕ ಆಗೂದಿಲ್ಲ ಅಂತ."

"ಅಪ್ಪಗ ಅಪ್ಪಂದು ಹೆದರಿಕಿ. ನಿನಗೇನಿತ್ತು?" ಸುಮಂತ ದನಿ ಏರಿಸಲಿಲ್ಲ. "ನಾನಾಗಿದ್ರ ಹೋಗ್ತಿದ್ದೆ ಅಂತ ನಿನ್ನ ಮುಂದೇ ಹೇಳಿದ್ದೆ. ನೀ ಕೇಳಿದ್ದಿ."

ಹುಸೇನ ಅವನ ಕೈ ಹಿಡಿಯಲು ಹೋದ. ಸುಮಂತ ಎದ್ದು ಹಿಂದೆ ಸರಿದ. ನೇರ ನೀರಿನ ಟಾಕಿಗೆ ನಡೆದು, ಬಕೆಟ್ಟು ತುಂಬಿ, ಅಂಗಿ ಚಡ್ಡಿ ಸಮೇತ ತಲೆಯ ಮೇಲೆ ಸುರಿದುಕೊಂಡ. ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ಹಾಗೆ ಮೀಯುತ್ತಾರೆ. ಡಿಸೆಂಬರಿನ ಗಾಳಿ ಬೀಸುತ್ತಿತ್ತು. ಒಳಗಿನ ಹುಡುಗರು ಹೊರಗೆ ಬಂದು, ಇವನಿಗೇನಾಯಿತು ಎಂದು ನಿಂತರು. ಹುಸೇನ ಟವೆಲ್ ತಂದ. "ಕಲ್ಲಿನ ಮ್ಯಾಲ ಇಡು," ಎಂದ ಸುಮಂತ. ಹುಸೇನ ಇಟ್ಟು ದೂರ ನಿಂತ. ಆ ಐದಾರು ಹೆಜ್ಜೆಯ ಆಚೆ ಸುಮಂತ ಗೋಡೆಗೆ ಹಣೆ ಹಚ್ಚಿ ಅತ್ತ. ಹೋಗಿ ಬೆನ್ನು ಸವರುವ ಹಾಗಿರಲಿಲ್ಲ.

ಆ ಹೊತ್ತಿಗೆ ಊರಿಗೆ ಬಸ್ಸಿರಲಿಲ್ಲ. ಬೆಳಿಗ್ಗೆ ಅಲ್ಲಾಬಕ್ಷ ಸರ್ ಡಬ್ಬಿಯ ಬೀಗ ತೆಗೆದು ಅವನ ಮೊಬೈಲನ್ನು ಕಟ್ಟೆಯ ಮೇಲಿಟ್ಟರು. "ಹೆಂಗೂ ನಾಕು ದಿನಾ ಆಗ್ಯಾವ. ಆಡಿ ಹೋಗ್ತೀಯೇನಪ್ಪ?" ಎಂದರು, ಬೇಡಿಕೊಳ್ಳುವವರಂತೆ.

"ಇಲ್ರಿ ಸರ್, ಹೋಗ್ತೀನಿ. ಮೊದಲೇ ತಡಾ ಆಗ್ಯದ."

ಫೈನಲ್ ಆಡಿದರು. ಝಹೀರ್ ಪಾಪ ಕೈಲಾದಷ್ಟು ಎಸೆದ. ನಡುವೆ ಒಮ್ಮೆ ಬೆರಳು ತೋರಿಸುವುದನ್ನೇ ಹುಸೇನ ಮರೆತು ಕೂತಿದ್ದ, ಝಹೀರ್ ಕಾದು ಕಾದು ಹತ್ತಿರ ಬಂದು, "ಭಾಯಿ, ಏನು ಹಾಕಲಿ?" ಎಂದು ಕೇಳಬೇಕಾಯಿತು. ಐದನೇ ಇನ್ನಿಂಗ್ಸಿನಲ್ಲಿ ಗುಫ್ರಾನ್ ಹೊಡೆದ ಚೆಂಡು ಬೇವಿನ ಮರದ ಮೇಲಿಂದ ಹೋಯಿತು. ಆಮೇಲೆ ಆಟದಲ್ಲಿ ಏನೂ ಉಳಿಯಲಿಲ್ಲ.

ಮುಗಿದ ಮೇಲೆ ಗುಫ್ರಾನ್ ತಾನಾಗಿ ಬಂದ. "ಎಲ್ಲಿ ನಿಮ್ಮ ಆಚಾರ್ಯ? ಅಂವ ಇಲ್ದ ಗೆದ್ದದ್ದು ಬಾಯಿಗೆ ರುಚಿ ಹತ್ತವಲ್ದು."

"ಅವರ ಅಜ್ಜಿ ತೀರಿಕೊಂಡಾರ."

"ಅರೇ. ಮೊನ್ನೆ ನಿನ್ನ ಖಾಲಾ, ಈಗ..."

"ಇಬ್ಬರೂ ಒಬ್ಬರೇ," ಎಂದ ಹುಸೇನ. ಗುಫ್ರಾನನಿಗೆ ಅರ್ಥವಾಗಲಿಲ್ಲ. ಆದರೂ ಹುಸೇನನ ಮುಖ ನೋಡಿ ಮತ್ತೇನೂ ಕೇಳದೆ ಅವನ ಸಾಮಾನಿನ ಚೀಲವನ್ನು ಬಸ್ಸಿನ ತನಕ ಹೊತ್ತುಕೊಟ್ಟ.

ಶಾಮಿಯಾನದ ಕೆಳಗೆ ವಿಶ್ವವಿದ್ಯಾಲಯದ ತಂಡದ ಹೆಸರುಗಳನ್ನು ಓದಿದರು. ಗುಫ್ರಾನ್. ರಾಯಚೂರಿನ ಶಾರ್ಟ್‌ಸ್ಟಾಪ್. ಕ್ಯಾಚರ್ ಹುಸೇನ. ಪಿಚರ್ ಸುಮಂತ. "ಫೈನಲ್ ಆಡಲಿಲ್ಲ ಖರೇ," ಎಂದರು ಬುಧವಾರ ಎದ್ದು ನಿಂತಿದ್ದ ಆಯ್ಕೆಗಾರರು, "ಅವತ್ತು ನೋಡಿದ್ದು ನಮಗ ಸಾಕು." ಚಪ್ಪಾಳೆ ಹೊಡೆದರು. ಎದ್ದು ನಿಲ್ಲಬೇಕಾದವನು ಅಲ್ಲಿರಲಿಲ್ಲ.

ಭಾನುವಾರ ಇಳಿಹೊತ್ತಿನಲ್ಲಿ ಹುಸೇನ ಆ ಮನೆಗೆ ಹೋದ. ಹಿತ್ತಲಿನಿಂದ ಹೋಗುವುದು ರೂಢಿ. ಅಂದು ಮುಂಬಾಗಿಲಿಗೆ ಹೋದ. ಪಾಂಡುರಂಗ ಬೋಳಿಸಿದ ತಲೆಯಲ್ಲಿ ಪಡಸಾಲೆಯಲ್ಲಿ ಕೂತಿದ್ದರು. ಅವರು ಒಮ್ಮೆಲೇ ಮುದುಕರಾಗಿದ್ದರು.

"ಅಲ್ಲೇ ಕಟ್ಟಿಮ್ಯಾಲ ಕೂಡಪ್ಪ," ಎಂದರು. ಹುಸೇನ ಆಯ್ಕೆಯಾದ ವಿಷಯ ಹೇಳಿದ. ಅವರು ಕೇಳಿ ಕಣ್ಣು ಮುಚ್ಚಿಕೊಂಡರು. "ಅಷ್ಟಾತಲ್ಲ," ಎಂದರು, "ನಿನ್ನ ತಪ್ಪೇನಿಲ್ಲ ಬಿಡು. ನಾ ಹೇಳಿದ್ದು ನೀ ನಡಸಿದಿ. ಅಂವ ಬಂದಾಗಿಂದ ನನ್ನ ಕೂಡ ಮಾತಾಡವಲ್ಲ. ಮುಖಾ ನೋಡಬೇಕಿತ್ತು ಅಂತ ಒಂದ ಮಾತು ಅಂದ, ಅಷ್ಟೇ." ಅವರು ಎದ್ದು ಒಳಗೆ ಹೋದರು.

ಸುಮಂತ ಹೊರಗೆ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ. ಆಯ್ಕೆಯ ಸುದ್ದಿ ಕೇಳಿಸಿತ್ತೇನೋ, ಅದರ ಬಗ್ಗೆ ಮಾತೇ ತೆಗೆಯಲಿಲ್ಲ. ಬೀದಿಯಲ್ಲಿ ತರಕಾರಿ ಗಾಡಿಯೊಂದು ಹೋಯಿತು. ಗಾಡಿಯವನೂ ಆ ಮನೆಯ ಮುಂದೆ ಕೂಗುವುದನ್ನು ನಿಲ್ಲಿಸಿ ದಾಟಿಹೋದ.

"ನಾಕು ದಿನಾ ನೀ ಅತ್ತಿ," ಎಂದ ಸುಮಂತ. "ನನ್ನ ಬಾಜೂಕ ಕೂತು ಅತ್ತಿ. ನಾ ಸಮಾಧಾನ ಮಾಡಿದೆ. ನಂದೂ ನೀನೇ ಅತ್ತಬಿಟ್ಟಿ ಹುಸೇನ. ಇಲ್ಲಿಗೆ ಬಂದ್ರ ಎಲ್ಲಾರದೂ ಅತ್ತು ಮುಗದದ. ನನಗ ಕೂಡಾಕ ಜಾಗಾನೇ ಇಲ್ಲ."

ಹುಸೇನ ಮಾಫ್ ಮಾಡು ಅನ್ನಬೇಕೆಂದು ಬಂದಿದ್ದ. ಆ ಮಾತು ತೀರ ಸಣ್ಣದಾಗಿ ಕಂಡಿತು.

"ಆ ವರಾಂಡಾದಾಗ ಹೇಳಿದಿಯಲ್ಲ," ಸುಮಂತನೇ ಮತ್ತೆ ಅಂದ, "ಶಹಾಬಜಾರದ್ದು, ಚಪ್ಪಲಿದು. ಅದೆಲ್ಲ ನಾ ಮಂದಿ ಕಥಿ ಅಂತ ಕೇಳೀನಿ, ನಕ್ಕೀನಿ. ಹೇಳು ಈಗ. ಆಕಿ ಹೆಸರು ಹಿಡದು ಹೇಳು."

ಹುಸೇನ ಅಲ್ಲಿ ಹೇಳದೆ ಉಳಿದದ್ದೊಂದನ್ನು ಎತ್ತಿಕೊಂಡ.

"ಸೋಮವಾರ ನಾವು ಹೊರಟಾಗ ನೀ ಆಟೋ ಕರಿಯಾಕ ಹೋಗಿದ್ದಿ. ಸಕ್ಕೂ ಅಜ್ಜಿ ಹಿತ್ತಲದಾಗ ನನ್ನ ನಿಂದರಿಸಿದ್ಲು. 'ಅಂವ ಎಸದದ್ದು ನೇರ ನಿನ್ನ ಮುಖದಮ್ಯಾಲೇ ಬರ್ತದಲ್ಲೋ, ಹೆದರಿಕಿ ಆಗೂದಿಲ್ಲೇನು?' ಅಂದ್ಲು. ಆಗ್ತದ ಅಜ್ಜಿ, ಅಂದೆ. ಒಮ್ಮೊಮ್ಮೆ ಕಣ್ಣು ಮುಚ್ಚತೀನಿ ಅಂದೆ."

"ಕಣ್ಣು ಮುಚ್ಚತೀಯೇನು?" ಸುಮಂತ ಮೊದಲ ಸಲ ಅವನ ಕಡೆ ತಿರುಗಿದ.

"ಮುಚ್ಚತೀನಿ."

"ಆಕಿ ಏನಂದ್ಲು?"

"ಭಾಳ ನಕ್ಕಳು. ಸೆರಗು ಬಾಯಿಗೆ ಹಿಡಕೊಂಡ ನಕ್ಕಳು. ಆಮ್ಯಾಲ, ಅಂವ ಸಣ್ಣಂವ ಇದ್ದಾಗ ಕಲ್ಲು ಒಗದು ಗೌಳ್ಯಾರ ಎಮ್ಮಿಗೆ ಹೊಡದಿದ್ದ, ಆವಾಗಿಂದ ನಾನೂ ಅಂವ ಕೈ ಎತ್ತಿದ್ರ ಕಣ್ಣು ಮುಚ್ಚತೀನಿ, ಅಂದ್ಲು."

ಸುಮಂತನಿಗೆ ಅಳು ಒಡೆದು ಬಂತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹುಸೇನ ಕೂತಲ್ಲೇ ಕೂತು, ಕಟ್ಟೆಯ ಈ ತುದಿಯಿಂದ, ಆ ಎಮ್ಮೆಯ ಕಥೆಯನ್ನು ಅಜ್ಜಿ ಹೇಳಿದ ಹಾಗೆಯೇ ಮೊದಲಿಂದ ಹೇಳತೊಡಗಿದ.